ಒರೆಸಿದ ಗೆರೆಗಳು

ಕಣ್ಣು ಮುಚ್ಚುವ ಮುಂಚೆ ಅಮ್ಮ ಕೈ ಚಾಚಿ ಭಾಷೆ ತೆಗೆದುಕೊಂಡಿದ್ದಳು: ಏನೇ ಆಗಲಿ, ಕಾಲಿಗೆ ಬ್ಲೇಡು ಮುಟ್ಟಿಸಬಾರದು. ಈಗ ಅಮ್ಮನ ಲಾಂಡ್ರಿ ನಡೆಸುವ ಇವಳು ಆಗಿನ್ನೂ ಹತ್ತೊಂಬತ್ತರ ಹುಡುಗಿ. ಹಿಂದೆಮುಂದೆ ನೋಡದೆ ಅಮ್ಮನ ಅಂಗೈ ಮೇಲೆ ಕೈಯಿಟ್ಟುಬಿಟ್ಟಳು. ಅಮ್ಮನೂ ಲಾಂಡ್ರಿಯ ಅದೇ ಇಸ್ತ್ರಿ ಮೇಜಿನ ಮುಂದೆ ನಿಂತು ನಿಂತು ಕಾಲಿನ ನರ ಉಬ್ಬಿಸಿಕೊಂಡವಳು. ಆಸ್ಪತ್ರೆಯಲ್ಲಿ ತೊಡೆಸಂದು ಕೊಯ್ದು ಉದ್ದ ನರವನ್ನೇ ಎಳೆದು ತೆಗೆದಿದ್ದರು. ಗಾಯ ಕೀವಾಗಿ, ನಾಲ್ಕು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ.

ಈಗ ಅಂಥವೇ ನರಗಳು ಇವಳ ಎಡಗಾಲಿಗೆ ಹುರಿಹಗ್ಗದ ಹಾಗೆ ಸುತ್ತಿಕೊಂಡಿದ್ದವು. ಹೋದ ತಿಂಗಳು ಬಚ್ಚಲಲ್ಲಿ ಹರಡಿನ ಮೇಲಿನದೊಂದು ಒಡೆದು ನೆಲವೆಲ್ಲ ರಕ್ತ. ಮಗಳು ಮನೆಯಲ್ಲಿದ್ದದ್ದು ಪುಣ್ಯ. ಇವಳನ್ನು ಅಲ್ಲೇ ಮಲಗಿಸಿ, ಕಾಲನ್ನು ಬಕೆಟ್ಟಿನ ಮೇಲಕ್ಕೆತ್ತಿ, ಟವೆಲಿನಿಂದ ಒತ್ತಿ ಹಿಡಿದಳು. ಅವತ್ತಿನಿಂದ ಆ ಹುಡುಗಿಯ ಕಾಲೇಜು ಚೀಲದಲ್ಲಿ ಪುಸ್ತಕ ಇರಲಿ ಬಿಡಲಿ, ಟವೆಲಂತೂ ಇರುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಕಾಗದದ ಮೇಲೊಂದು ಕಾಲು ಬರೆದು ತಿಳಿಸಿ ಹೇಳಿದರು. ಈಗ ನಿಮ್ಮಮ್ಮನ ಕಾಲದ ಹಾಗಲ್ಲ. ಒಳಗಿನ ದೊಡ್ಡ ನರಕ್ಕೆ ಸೂಜಿಯ ತೂತಿನಲ್ಲೇ ಲೇಸರ್ ತಂತಿ ತೂರಿಸಿ ಮುಚ್ಚಿಬಿಡುತ್ತೇವೆ, ಸಂಜೆಗೆ ನಡೆದುಕೊಂಡೇ ಮನೆಗೆ ಹೋಗಬಹುದು. ಕೆಲವರ ಕವಲು ನರಗಳಿಗೆ ನೊರೆಯಂಥ ಇಂಜೆಕ್ಷನ್ ಸಾಕಾಗುತ್ತದೆ. ನಿಮ್ಮವು ದಪ್ಪ. ಬ್ಲೇಡಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಗೀರಿ, ಕೊಕ್ಕೆ ಹಾಕಿ ಎಳೆದು ತೆಗೆಯಬೇಕು.

ಇಷ್ಟರಲ್ಲಿ ಅವಳ ಕಿವಿಯಲ್ಲಿ ಉಳಿದದ್ದು ಬ್ಲೇಡು ಒಂದೇ. ಮಗಳು ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಭಾಷೆಯ ಸುದ್ದಿ ಎತ್ತದೆ ಇವಳು ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದಳು.

ಆಪರೇಷನ್ನಿನ ದಿನ ಡಾಕ್ಟರಮ್ಮ ಅವಳನ್ನು ಮಣೆಯ ಮೇಲೆ ನಿಲ್ಲಿಸಿ, ಉಬ್ಬಿದ ನರಗಳ ಮೇಲೆಲ್ಲ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು. ಮಲಗಿದ ಮೇಲೆ ಉಬ್ಬು ಇಳಿದು ಏನೂ ಕಾಣುವುದಿಲ್ಲ, ಈ ಗೆರೆಗಳೇ ನನಗೆ ದಾರಿ ಎಂದು ಹೇಳಿ ಹೋದರು.

ಅವಳೊಬ್ಬಳೇ ಉಳಿದಳು. ಗೌನಿನ ಅಂಚಿಗೆ ಶಾಯಿ ತಾಗಿತ್ತು. ಒಗೆದು ಇಸ್ತ್ರಿ ಹಾಕಿದ ಬಿಳಿ ಗೌನು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ, ಟ್ರೇಯಲ್ಲಿದ್ದ ಸ್ಪಿರಿಟ್ಟನ್ನು ಹತ್ತಿಗೆ ಹಾಕಿಕೊಂಡು, ಕಲೆ ಹರಡದ ಹಾಗೆ ಹೊರಗಿನಿಂದ ಒಳಕ್ಕೆ ಒತ್ತಿದಳು. ಅಂಚು ಬೆಳ್ಳಗಾಯಿತು. ಕೈ ಅಲ್ಲಿಗೇ ನಿಲ್ಲದೆ ಕಾಲಿಗಿಳಿಯಿತು. ಎರಡು ನಿಮಿಷದಲ್ಲಿ ಗೆರೆಗಳೂ ಮಾಯ.

ಗೆರೆಯಿಲ್ಲದಿದ್ದರೆ ಬ್ಲೇಡೂ ಇಲ್ಲ. ಕಾಲ ಮೇಲೆ ಹೊದಿಕೆ ಎಳೆದುಕೊಂಡಳು.

ನರ್ಸ್ ಬಂದು ಗಾಲಿಕುರ್ಚಿ ತಳ್ಳಿಕೊಂಡು ಹೊರಟಳು. ಬಾಗಿಲ ಬಳಿ ಮಗಳು ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು.

"ಇವತ್ತೊಂದು ದಿನ ಅಮ್ಮ. ನಾಳೆಯಿಂದ ಈ ಟವೆಲ್ ಹೊರೋ ಕೆಲಸ ತಪ್ಪುತ್ತೆ ನಂಗೆ," ಎಂದು ನಕ್ಕಳು. ನಗು ತುಟಿಯಲ್ಲಷ್ಟೇ ಇತ್ತು.

ಆಪರೇಷನ್ ಮೇಜಿನ ಮೇಲೆ ಮಲಗಿದಾಗ ಹರಡಿನ ಮೇಲಿನ ಆ ನರ ಕೂಡ ಮಂಗಮಾಯ. ಹೊದಿಕೆ ಸರಿಸಿದ ಡಾಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತು. ಯಾರು ಒರೆಸಿದ್ದು ಎಂದರು. ನರ್ಸಿನ ಮುಖ ಬಿಳಿಚಿತು. ಲಾಂಡ್ರಿಯವಳು, ನಾನೇ ಎಂದಳು.

ಡಾಕ್ಟರಮ್ಮ ಬೈಯಲಿಲ್ಲ. ಬೇಡ ಅನ್ನುವುದಾದರೆ ಇವತ್ತು ಲೇಸರ್ ಮಾತ್ರ ಮಾಡುತ್ತೇನೆ, ಒತ್ತಾಯ ಇಲ್ಲ ಎಂದರು. ಆದರೆ ಒಡೆದ ನರ ಹೊರಗಿನದು. ಲೇಸರಿನಿಂದ ಅದರ ಒತ್ತಡ ತಗ್ಗಬಹುದು, ಮತ್ತೆ ಒಡೆಯುವುದೇ ಇಲ್ಲ ಎಂದು ಮಾತ್ರ ನಾನು ಹೇಳಲಾರೆ. ನೀವೇ ಹೇಳಿ ಎಂದು ಕಾದರು.

ಅವಳು ಬಾಗಿಲ ಕಡೆ ನೋಡಿದಳು. ಗಾಜಿನಾಚೆ ಚೀಲದ ಪಟ್ಟಿ ಹಿಡಿದ ಕೈಯಷ್ಟೇ ಕಾಣುತ್ತಿತ್ತು.

ಮೆಲ್ಲಗೆ ಎದ್ದು ಕೂತು, ಕಾಲು ಇಳಿಬಿಟ್ಟು, ಮೇಜಿನ ಪಕ್ಕದ ಮಣೆಯನ್ನು ತಾನೇ ಹತ್ತಿ ನಿಂತಳು.

"ಇನ್ನೊಂದ್ಸಲ ಗೆರೆ ಹಾಕಿ ಡಾಕ್ಟ್ರೇ. ಹತ್ತಿ ಮಾತ್ರ ನನ್ನ ಕೈಗೆ ಸಿಗದ ಹಾಗೆ ಇಡಿ."

ಅಲ್ಲಾಡದೆ ನಿಂತಳು. ರಕ್ತ ಇಳಿದು ನರಗಳು ಒಂದೊಂದಾಗಿ ಮೇಲೆದ್ದವು. ಪೆನ್ನು ತಣ್ಣಗೆ ಹರಿದಾಡಿತು. ಮತ್ತೆ ಮಲಗಿ, ಕಾಲು ಮರಗಟ್ಟುವವರೆಗೆ ಚುಚ್ಚಿದ ಸೂಜಿಗಳನ್ನೆಲ್ಲ ಹಲ್ಲು ಕಚ್ಚಿ ಸಹಿಸಿದಳು.

ಮೊದಲು ಲೇಸರ್ ಆಯಿತು. ಆಮೇಲೆ ಹನ್ನೊಂದು ಕಡೆ ಬ್ಲೇಡು ಮುಟ್ಟಿತು. ಅಮ್ಮನಿಗೆ ಕೊಟ್ಟ ಭಾಷೆಯನ್ನು ಅವಳು ಮುರಿದಳು.