ಟವೆಲ್ಲಿನ ಕೆಳಗಿನ ಚೌಕಾಸಿ

ಗಂಟಲಿನ ಆಪರೇಷನ್ ಆದ ಮೇಲೆ ಅವ್ವಣ್ಣ ತರಕಾರಿ ಗಾಡಿ ತಂದದ್ದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೊದಲು ಅವನು ತಿರುವಿನಲ್ಲಿ ನಿಂತು ಒಮ್ಮೆ ಕೂಗಿದರೆ ಸಾಕು, ನಾಲ್ಕನೇ ಮಹಡಿಯವರೂ ಒಲೆ ಸಣ್ಣ ಮಾಡಿ ಇಳಿದು ಬರುತ್ತಿದ್ದರು. ಹಾಗೆ ಕೂಗಿ ಕೂಗಿಯೇ ಗಂಟಲೊಳಗೆ ಒಂದು ಗಂಟು ಬೆಳೆದಿತ್ತಂತೆ. ಡಾಕ್ಟರು ಅದನ್ನು ತೆಗೆದು, ತಿಂಗಳೊಪ್ಪತ್ತು ಪಿಸುಮಾತೂ ಆಡಬೇಡ, ಕೂಗುವುದನ್ನಂತೂ ಈ ಜನ್ಮಕ್ಕೆ ಮರೆತುಬಿಡು ಎಂದು ಹೇಳಿ ಕಳಿಸಿದ್ದರು.

ಕೂಗದ ಗಾಡಿಗೆ ಗಿರಾಕಿ ಎಲ್ಲಿಂದ ಬರಬೇಕು? ಅವನ ಹೆಂಡತಿ ರಂಗೂಬಾಯಿ ಪೂಜೆಯ ಗಂಟೆ ತಂದು ಗಾಡಿಗೆ ಕಟ್ಟಿದಳು. ಗಂಟೆ ಕೇಳಿ ಹೆಂಗಸರು ಇಳಿದು ಬಂದದ್ದೇನೋ ನಿಜ, ಆದರೆ ಕಸದ ಬುಟ್ಟಿ ಹಿಡಿದುಕೊಂಡು. ಪುಣೆಯಲ್ಲಿ ಗಂಟೆ ಬಾರಿಸುತ್ತಾ ಬರುವುದು ಕಸದ ಗಾಡಿ. ಫೋನಿನಲ್ಲಿ ಮಾತಾಡುತ್ತಾ ಬಂದ ಒಬ್ಬಾಕೆ ಬಾಳೆಹಣ್ಣಿನ ಸಿಪ್ಪೆಯನ್ನು ಬದನೆಕಾಯಿಯ ಮೇಲೆ ಸುರಿದೇಬಿಟ್ಟಳು.

ಅಷ್ಟರಲ್ಲಿ ಇನ್ನೊಬ್ಬ ಅದೇ ಓಣಿಗೆ ಗಾಡಿ ತರಲು ಶುರು ಮಾಡಿದ. ಅವನ ಹತ್ತಿರ ಭೋಂಗಾ ಇತ್ತು. ಇಲ್ಲಿಯವರು ಧ್ವನಿವರ್ಧಕಕ್ಕೆ ಹಾಗೆ ಹೇಳುವುದು. ಗುಂಡಿ ಒತ್ತಿ ಒಮ್ಮೆ ಮಾತಾಡಿಟ್ಟರೆ ಅದನ್ನೇ ದಿನವಿಡೀ ಕೂಗುತ್ತಿರುತ್ತದೆ.

ಈ ಓಣಿ ಇರುವ ಯೆರವಡಾದಲ್ಲೇ ನನ್ನ ಗಂಡ ಸುಖೇಶರದ್ದು ಸಣ್ಣ ಹೋಟೆಲು. ನಾವು ಉಡುಪಿ ಕಡೆಯವರು, ಅವ್ವಣ್ಣ ದಂಪತಿ ವಿಜಯಪುರದ ಇಂಡಿ ಕಡೆಯವರು. ಹೋಟೆಲಿಗೆ ತರಕಾರಿ ಹಾಕುವುದು ಅವನೇ. ಒಂದು ಬೆಳಿಗ್ಗೆ ರಂಗೂಬಾಯಿ ಅಡುಗೆಮನೆಯ ಹಿಂಬಾಗಿಲಲ್ಲಿ ಬಂದು ನಿಂತಳು. ಅವಳ ಹಿಂದೆ ಅವ್ವಣ್ಣ.

“ಅಕ್ಕಾರ, ಇನ್ನ ನಾಕು ದಿನ ಹಿಂಗ ನಡದ್ರ ಈ ಓಣಿ ನಮ್ಮ ಕೈ ಬಿಟ್ಟು ಹೋಗ್ತದ್ರಿ. ಒಂದು ಭೋಂಗಾ ತಗೋಬೇಕಂತ ಮಾಡೇವಿ. ಚೌಕಾಸಿ ಮಾಡಾಕ ಇವ್ರಿಗೆ ದನಿ ಇಲ್ಲ, ನನಗ ಧೈರ್ಯ ಇಲ್ಲ. ನೀವು ಬರ್ರಿ.”

ನಮ್ಮವರ ಪೈಕಿ ಯಾರು ಫ್ರಿಜ್ಜು, ಮಿಕ್ಸಿ, ಟಿ.ವಿ. ಕೊಳ್ಳುವುದಿದ್ದರೂ ಲೀಲಾಕ್ಷಕ್ಕನನ್ನು, ಅಂದರೆ ನನ್ನನ್ನು, ಕರೆದುಕೊಂಡು ಹೋಗುವ ರೂಢಿ ಉಂಟು. ಹಾಗಾಗಿ ಕರೆದದ್ದಕ್ಕೆ ನನಗೆ ಖುಷಿಯೇ ಆಯಿತು.

“ಎಷ್ಟರೊಳಗೆ ಆಗಬೇಕು?” ಎಂದು ಕೇಳಿದೆ.

ರಂಗೂಬಾಯಿ ಗಂಡನ ಮುಖ ನೋಡಿದಳು. ಅವನು ಹೇಳಬೇಡ ಎಂದು ತಲೆ ಅಲ್ಲಾಡಿಸಿದ.

“ನನ್ನ ಹತ್ತಿರವೂ ಗುಟ್ಟಾ? ಕಡಿಮೆ ಬಿದ್ದರೆ ನಾನು ಹಾಕ್ತೇನೆ ಮಾರಾಯ, ತರಕಾರಿಯ ಲೆಕ್ಕದಲ್ಲಿ ಮುರಿಯುವ.”

ಅದಕ್ಕೂ ಕೈ ಬೀಸಿ ಬೇಡವೆಂದ. ರಂಗೂಬಾಯಿ ಸೆರಗಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಅದರಲ್ಲಿ ಇದ್ದದ್ದೇ ಅವರ ಬಂಡವಾಳ, ಅದಕ್ಕಿಂತ ಮೇಲೆ ಹೋದರೆ ಬರಿಗೈಯಲ್ಲಿ ವಾಪಸ್ ಎನ್ನುವುದು ಮಾತ್ರ ನನಗೆ ಅರ್ಥವಾಯಿತು.

ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಹೆಜ್ಜೆಗೊಂದು ಎಲೆಕ್ಟ್ರಾನಿಕ್ಸ್ ಅಂಗಡಿ. ಎರಡು ಮೂರು ಕಡೆ ಭೋಂಗಾ ಹಚ್ಚಿಸಿ ಕೇಳಿದೆವು. ಎಲ್ಲವೂ ಶೀತ ಆದವರ ಹಾಗೆ ಗೊರಗೊರ ಅನ್ನುತ್ತಿದ್ದವು. ಕೊನೆಗೆ ಒಂದು ಅಂಗಡಿಯಲ್ಲಿ ಮಾತು ಮಾತಿನ ಹಾಗೇ ಕೇಳಿಸಿತು. ಆದರೆ ಬೋಣಿಯ ಹೊತ್ತು ತಪ್ಪಿತ್ತು. ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಯಾವ ಅಂಗಡಿಯವನಿಗೂ ಮನಸ್ಸು ಬರುವುದಿಲ್ಲ, ಅದಕ್ಕೇ ನಾನು ಬಾಗಿಲು ತೆಗೆಯುವ ಹೊತ್ತಿಗೆ ಹೋಗುವವಳು. ಇಲ್ಲಿ ನೋಡಿದರೆ ಆಗಲೇ ನಾಲ್ಕೈದು ಮಂದಿ ಗಾಡಿ ವ್ಯಾಪಾರಿಗಳು ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಗೋದಾಮಿನಿಂದ ಭೋಂಗಾದ ಪೆಟ್ಟಿಗೆ ಬರುವುದನ್ನು ಕಾಯುತ್ತಿದ್ದವರು.

ಹಣದ ಗಲ್ಲೆಯಲ್ಲಿ ಅಂಗಡಿಯ ಮಾಲೀಕ ಅಮೇಯ ಕೂತಿದ್ದ. ಮೂವತ್ತರ ಆಸುಪಾಸಿನವನು. ಒಳಗಡೆ ಕುರ್ಚಿಯಲ್ಲಿ ಅವನ ಅಪ್ಪ, ಬಿಳಿ ಟೊಪ್ಪಿಯ ಮುದುಕರು, ಪೇಪರು ಓದುತ್ತಿದ್ದರು. ನಾನು ಬೇಕಾದದ್ದನ್ನು ಮೊದಲು ಕೇಳುವವಳಲ್ಲ. ಮದುವೆಮನೆಗೆ ಇಡುವಂಥ ದೊಡ್ಡ ಸ್ಪೀಕರಿನ ದರ ಕೇಳಿದೆ, ಮೈಕಿನದು ಕೇಳಿದೆ, ಮುಖ ಹುಳಿ ಮಾಡಿದೆ. ಆಮೇಲೆ ಹೋಗುವಾಗ ಕಣ್ಣಿಗೆ ಬಿದ್ದ ಹಾಗೆ, “ಇದಕ್ಕೆಷ್ಟು?” ಎಂದೆ. ಮಾತೆಲ್ಲ ಮರಾಠಿಯಲ್ಲಿ.

“ಹದಿನೆಂಟು ನೂರು ಕಾಕೂ,” ಎಂದ ಅಮೇಯ, ಚಿಕ್ಕಮ್ಮನನ್ನು ಕರೆದ ಹಾಗೆ.

“ನಾನು ಕೇಳಿದ್ದು ಭೋಂಗಾದ ದರ. ಇಡೀ ಆರ್ಕೆಸ್ಟ್ರಾದ್ದಲ್ಲ.”

“ಆರ್ಕೆಸ್ಟ್ರಾದವರಿಗೆ ಊಟ ಹಾಕಬೇಕು. ಇದು ಉಪವಾಸ ಇದ್ದು ದಿನವಿಡೀ ಹಾಡ್ತದೆ.”

“ಹನ್ನೆರಡು ಕೊಡ್ತೇನೆ.”

“ಹದಿನೆಂಟು.”

“ಹದಿಮೂರು. ಜೊತೆಗೆ ಆ ಚಹಾ ನಮಗೂ ಹೇಳು.”

“ಚಹಾ ಹೇಳ್ತೇನೆ ಕಾಕೂ, ಎರಡು ಸಲ ಹೇಳ್ತೇನೆ. ದರ ಹದಿನೆಂಟೇ.”

ಬೆಂಚಿನ ಮೇಲಿದ್ದವರು ನಕ್ಕರು. ನಾನು ನನ್ನ ಕೊನೆಯ ಅಸ್ತ್ರ ತೆಗೆದೆ. “ಬಾ ರಂಗೂಬಾಯಿ, ಊರಲ್ಲಿ ಇದೊಂದೇ ಅಂಗಡಿಯಲ್ಲ,” ಎಂದು ಅವಳ ಕೈ ಹಿಡಿದು ಮೆಟ್ಟಿಲು ಇಳಿದೆ. ಮೆಟ್ಟಿಲು ಇಳಿಯುವುದರೊಳಗೆ ಹಿಂದಿನಿಂದ ಕರೆಯುತ್ತಾರೆ, ಅದು ನನ್ನ ಇಷ್ಟು ವರ್ಷದ ಅನುಭವ. ಯಾರೂ ಕರೆಯಲಿಲ್ಲ. ಪಕ್ಕದ ಅಂಗಡಿಯ ಮುಂದೆ ನಿಂತು ಮೊಬೈಲ್ ಚಾರ್ಜರುಗಳನ್ನು ನೋಡುವ ನಾಟಕ ಮಾಡಿದೆ.

“ಅಕ್ಕಾರ, ಕರೀಲಿಲ್ಲಲ್ರಿ?”

“ಕರೀತಾನೆ. ತಡಿ.”

“ಎಷ್ಟೊತ್ತು ತಡೀಬೇಕ್ರಿ? ಇವ್ರು ಒಳಗ ಉಳದಾರ.”

ಹೌದು, ಅವ್ವಣ್ಣ ಹೊರಗೆ ಬಂದೇ ಇರಲಿಲ್ಲ. ಅವನನ್ನು ಕರೆಯುವ ನೆಪದಲ್ಲಿ ಬಾಗಿಲಿನ ಸಂದಿಯಿಂದ ನೋಡಿದೆ. ಅಮೇಯನ ಕಣ್ಣು ಬೆಂಚಿನ ಕಡೆಗಿತ್ತು. ಆಗ ನನಗೆ ಹೊಳೆಯಿತು. ಅಷ್ಟು ಹೊತ್ತೂ ಅವನು ಉತ್ತರ ಕೊಡುತ್ತಿದ್ದದ್ದು ನನಗಲ್ಲ, ನನ್ನ ಬೆನ್ನ ಹಿಂದೆ ಕೂತವರಿಗೆ. ಅವರೂ ಕೊಳ್ಳಲು ಬಂದದ್ದು ಅದೇ ಭೋಂಗಾ. ನನಗೆ ಬಾಯಿಬಿಟ್ಟು ಐವತ್ತು ಬಿಟ್ಟರೂ ಅಷ್ಟು ಮಂದಿಗೂ ಬಿಡಬೇಕು. ನಾನು ಗಟ್ಟಿಯಾಗಿ ಜಗ್ಗಿದಷ್ಟೂ ಅವನು ಗಟ್ಟಿಯಾಗಿ ನಿಲ್ಲಲೇಬೇಕಿತ್ತು. ಕಾರಣ ತಿಳಿಯಿತು, ಆದರೆ ಉಪಾಯ ತೋಚಲಿಲ್ಲ.

ನಾವು ಒಳಗೆ ಹೋಗುವಷ್ಟರಲ್ಲಿ ಅವ್ವಣ್ಣ ಗಲ್ಲೆಯ ಮುಂದೆ ನಿಂತಿದ್ದ. ಹೆಗಲ ಮೇಲಿನ ಟವೆಲ್ಲು ತೆಗೆದು, ಒಮ್ಮೆ ಕೊಡವಿ, ಬಲಗೈಯ ಮೇಲೆ ಹೊದೆಸಿ ಅಮೇಯನ ಕಡೆ ಚಾಚಿದ.

“ಏನಾಯ್ತು? ಕೈಗೆ ಪೆಟ್ಟಾ?” ಎಂದ ಅಮೇಯ.

ಅವ್ವಣ್ಣ ಕೈ ಹಿಂದೆ ತೆಗೆಯಲಿಲ್ಲ. ಅಮೇಯ ನನ್ನ ಕಡೆ ನೋಡಿದ. ನನಗೂ ಏನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಒಳಗೆ ಪೇಪರು ಮಡಚುವ ಸದ್ದಾಯಿತು. ಮುದುಕರು ಎದ್ದು ಬಂದರು. ಮುಖದ ತುಂಬ ನಗು.

“ಸರಿ ಆಚೆ. ಇದು ನಿನ್ನ ಕಂಪ್ಯೂಟರಿನಲ್ಲಿ ಬರುವ ಲೆಕ್ಕ ಅಲ್ಲ,” ಎಂದು ಮಗನನ್ನು ಸರಿಸಿ, ಅಂಗಿಯ ತೋಳು ಮೇಲೇರಿಸಿ ತಮ್ಮ ಕೈಯನ್ನು ಟವೆಲ್ಲಿನ ಕೆಳಗೆ ತೂರಿಸಿದರು.

“ಏನೇ ಇದು?” ಎಂದು ರಂಗೂಬಾಯಿಯ ಕಿವಿಯಲ್ಲಿ ಕೇಳಿದೆ.

“ದನದ ಸಂತಿ ವ್ಯವಹಾರ ರೀ. ನಮ್ಮ ಮಾವನವ್ರು ದಲಾಲಿ ಮಾಡ್ತಿದ್ರು. ಎತ್ತಿನ ದರ ಬಾಯಿಲೆ ಹೇಳೂದಿಲ್ಲ. ಅರಿವಿ ಕೆಳಗ ಬಟ್ಟು ಹಿಡದು ಕೇಳೂದು, ಬಟ್ಟು ಹಿಡದು ಹೇಳೂದು. ಹಿಡದವ್ರಿಬ್ಬರಿಗೆ ಬಿಟ್ರ ಮತ್ತ್ಯಾರಿಗೂ ತಿಳ್ಯಂಗಿಲ್ಲ.”

ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಹೇಳುವುದು ಬಾರಾಮತಿ ಕಡೆಯ ಸಂತೆಗಳಲ್ಲೂ ಪದ್ಧತಿಯಂತೆ. ಮುದುಕರು ಅಲ್ಲಿಯವರು.

ಟವೆಲ್ಲು ಒಳಗೆ ಬೆಕ್ಕಿನ ಮರಿ ಸಿಕ್ಕಿಕೊಂಡ ಹಾಗೆ ಮಿಸುಕಾಡುತ್ತಿತ್ತು. ಬೆಂಚಿನವರು ಚಹಾ ಬಿಟ್ಟು ಎದ್ದು ನಿಂತರು. ಮುದುಕರು ಒಮ್ಮೆ ಹುಬ್ಬೇರಿಸಿದರು, ಒಮ್ಮೆ ತಲೆ ಕೊಡವಿದರು. ಅವ್ವಣ್ಣ ಎಡಗೈಯಿಂದ ಭೋಂಗಾ ಎತ್ತಿ ಅದರ ಬಾಯೊಳಗೆ ಬಗ್ಗಿ ನೋಡಿದ.

“ಹಲ್ಲು ಎಣಿಸ್ತೀಯೇನಪ್ಪಾ? ಎಳೆಗರು ಅದು, ನಿನ್ನೆ ಪೆಟ್ಟಿಗೆಯಿಂದ ಇಳಿದದ್ದು!” ಎಂದು ಮುದುಕರು ಗಹಗಹಿಸಿದರು.

ನಾನು ಅವರ ಮೊಣಕೈ ಅಲುಗುವುದನ್ನು ನೋಡಿ ದರ ಊಹಿಸಲು ಹೊರಟೆ. ಹದಿನಾರಾ? ಹದಿನಾಲ್ಕಾ?

“ನೋಡಬ್ಯಾಡ್ರಿ ಅಕ್ಕಾರ. ಗೊತ್ತಾಗೂದಿಲ್ಲ, ಸುಮ್ಮ ಕಣ್ಣ ನೋಯ್ತಾವ.”

ಅಷ್ಟರಲ್ಲಿ ಮುದುಕರು ಕೈ ಎಳೆದುಕೊಂಡುಬಿಟ್ಟರು. “ಇಲ್ಲ. ಅಷ್ಟಕ್ಕೆ ಆಗೋದಿಲ್ಲ.”

ರಂಗೂಬಾಯಿ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವ್ವಣ್ಣನ ಕೈ ಟವೆಲ್ಲು ಹೊದ್ದು ಹಾಗೆಯೇ ಚಾಚಿಕೊಂಡಿತ್ತು. ನನಗೆ ತಡೆಯಲಾಗಲಿಲ್ಲ. ಆಪರೇಷನ್ನಿನ ಕತೆ ಹೇಳಿದರೆ ಮುದುಕರ ಮನಸ್ಸು ಕರಗೀತು ಎಂದು, “ಬಾಬಾ, ಇವನಿಗೆ ಪಾಪ…” ಎಂದು ಶುರು ಮಾಡಿದೆ. ಅವ್ವಣ್ಣ ನನ್ನತ್ತ ಒಂದು ನೋಟ ಎಸೆದ. ನಾನು ಬಾಯಿ ಮುಚ್ಚಿದೆ. ಕರುಣೆಯ ದರ ಅವನಿಗೆ ಬೇಕಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿನಲ್ಲಿ ನೂರೋ ಇನ್ನೂರೋ ಏರಿಸಿ ಮಾತಾಡುತ್ತಿದ್ದರು. ನಾನಂತೂ ಏರಿಸುತ್ತಿದ್ದೆ. ಅವ್ವಣ್ಣ ಏರಿಸಲಿಲ್ಲ, ಚಾಚಿದ ಕೈ ಇಳಿಸಲೂ ಇಲ್ಲ. ಮುದುಕರು ಟೊಪ್ಪಿ ಸರಿ ಮಾಡಿಕೊಂಡರು, ಬೀದಿ ನೋಡಿದರು, ಮತ್ತೆ ಆ ಕೈ ನೋಡಿದರು. ಆಮೇಲೆ ತಾವಾಗಿಯೇ ಕೈ ಒಳಗೆ ಹಾಕಿ ಏನೋ ಒಂದನ್ನು ಒತ್ತಿದರು. ಅವ್ವಣ್ಣ ಟವೆಲ್ಲು ತೆಗೆದು ಅವರ ಅಂಗೈ ಮೇಲೆ ಫಟ್ಟನೆ ಹೊಡೆದ. ವ್ಯವಹಾರ ಮುಗಿಯಿತು.

ರಂಗೂಬಾಯಿ ಗಂಟು ಬಿಚ್ಚಿ ಕೊಟ್ಟ ನೋಟುಗಳನ್ನು ಮುದುಕರು ಒಳಗೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ಎಣಿಸಿ, ಉಳಿದದ್ದನ್ನು ಮಡಚಿ ಅವ್ವಣ್ಣನ ಕೈಗಿಟ್ಟರು. “ಬಾಬಾ, ಎಷ್ಟಕ್ಕೆ ಕೊಟ್ಟಿರಿ?” ಎಂದ ಅಮೇಯ. “ನಷ್ಟಕ್ಕೆ ಕೊಟ್ಟಿಲ್ಲ, ಹೋಗು,” ಎಂದರು. ಬೆಂಚಿನವರಲ್ಲಿ ಒಬ್ಬ ತನ್ನ ಮಫ್ಲರು ಬಿಚ್ಚಿ ಕೈಗೆ ಹೊದೆಸಿಕೊಂಡು ಗಲ್ಲೆಗೆ ಬಂದ. “ನನ್ನ ಕೈಯೂ ಹಿಡೀರಿ ಬಾಬಾ!” ಅವನ ಹಿಂದೆ ಇನ್ನೊಬ್ಬ ಕರವಸ್ತ್ರ ಹಿಡಿದು ನಿಂತಿದ್ದ. ಅಮೇಯ ಹಣೆ ಚಚ್ಚಿಕೊಂಡ. ಮುದುಕರು ಮಾತ್ರ ಇನ್ನೊಂದು ತೋಳನ್ನೂ ಮೇಲೇರಿಸುತ್ತಿದ್ದರು.

ಭೋಂಗಾ ಏನೋ ಸಿಕ್ಕಿತು, ಆದರೆ ಅದರೊಳಗೆ ಮಾತಾಡುವವರು ಯಾರು? ಅಮೇಯ ಕೆಂಪು ಗುಂಡಿ ಒತ್ತಿ ನನ್ನ ಮುಂದೆ ಹಿಡಿದ. ನಾನು ಉಳ್ಳಾಗಡ್ಡಿ, ಬಟಾಟೆ, ಟೊಮೆಟೊ ಎಂದು ಜೋರಾಗಿ ಕೂಗಿದೆ. ತಿರುಗಿ ಹಚ್ಚಿದರೆ, ಎರಡು ಇಡ್ಲಿ ಒಂದು ವಡೆ ಎಂದು ಅಡುಗೆಯವನಿಗೆ ಹೇಳುವ ಅದೇ ರಾಗ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವ್ವಣ್ಣ ಹೆಂಡತಿಯ ಕಡೆ ಬೆರಳು ತೋರಿಸಿದ.

“ಅಯ್ಯ, ನಾ ಒಲ್ಲೆ. ಓಣ್ಯಾಗ ಹೆಣ್ಮಕ್ಕಳು ಒದರತಾರೇನ್ರಿ?”

“ನೀನು ಒದರಬೇಡ ಮಾರಾಯ್ತಿ. ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ ಹೇಳು. ಒದರುವುದು ಅದರ ಕೆಲಸ.”

ಅವಳು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು, ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದಳು: “ಬರ್ರಿ ಅಕ್ಕಾರ, ಇವತ್ತ ಮೆಂತೆ ಭಾಳ ಛಲೋ ಬಂದದ.”

ಮರುದಿನ ಬೆಳಿಗ್ಗೆ ಆ ದನಿ ಓಣಿಗೆ ಬಂದಾಗ ಕಿಟಕಿಗಳು ಒಂದೊಂದೇ ತೆರೆದವು. ತಮ್ಮನ್ನು ಇಷ್ಟು ಸಲಿಗೆಯಿಂದ ಕರೆಯುತ್ತಿರುವ ಹೆಂಗಸು ಯಾರು ಎಂದು ನೋಡಲು ಇಳಿದು ಬಂದವರಿಗೆ ಕಂಡದ್ದು ಅವ್ವಣ್ಣ ಒಬ್ಬನೇ. ಬಂದವರು ಬರಿಗೈಯಲ್ಲಿ ಹೋಗಲಿಲ್ಲ. ನಾನು ಹೋಟೆಲಿಗೆ ಕೊತ್ತಂಬರಿ ತರುವ ನೆಪದಲ್ಲಿ ಹೋಗಿ, “ಈಗಾದರೂ ಹೇಳು, ಎಷ್ಟು ಕೊಟ್ಟೆ?” ಎಂದು ಮೆಲ್ಲಗೆ ಕೇಳಿದೆ. ಅವನು ಕೊತ್ತಂಬರಿ ಕಟ್ಟು ನನ್ನ ಕೈಗಿಟ್ಟು ಮುಂದಿನ ಗಿರಾಕಿಗೆ ತೂಗಲು ತಿರುಗಿದ. ಆಮೇಲೆ ಎಷ್ಟೋ ಸಲ ಕೇಳಿದ್ದೇನೆ, ರಂಗೂಬಾಯಿಯನ್ನೂ ಕೇಳಿದ್ದೇನೆ. ನೋಟು ಎಣಿಸಿ ಗಂಟು ಕಟ್ಟಿದ್ದೂ ತನ್ನ ಗಂಡನೇ, ಉಳಿದದ್ದನ್ನು ಜೇಬಿಗೆ ಹಾಕಿಕೊಂಡದ್ದೂ ಅವನೇ, ತನಗೆ ಗೊತ್ತಿಲ್ಲ ಅನ್ನುತ್ತಾಳೆ.

ಗಾಡಿ ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಮೆಂತೆ ಪೂರಾ ಖಾಲಿ. ಭೋಂಗಾ ಮಾತ್ರ ಮೆಂತೆ ಛಲೋ ಬಂದದ ಎಂದು ಕೂಗುತ್ತಲೇ ಇತ್ತು. ಮೂರನೇ ಮಹಡಿಯ ಹೆಂಗಸು ಏದುಸಿರು ಬಿಡುತ್ತಾ ಇಳಿದು ಬಂದಳು.

“ಎಲ್ಲಿ ಮೆಂತೆ? ಅಷ್ಟು ಹೊತ್ತಿಂದ ಹೇಳ್ತಾ ಇದ್ದಾಳೆ, ಇಲ್ಲಿ ನೋಡಿದರೆ ಒಂದು ಎಲೆಯೂ ಇಲ್ಲ! ಬರೇ ಸುಳ್ಳು!”

ಅವ್ವಣ್ಣ ಎರಡೂ ಕೈ ಜೋಡಿಸಿ, ನಾಳೆ ತರುತ್ತೇನೆ ಎಂದು ಸನ್ನೆ ಮಾಡಿದ. “ಅದನ್ನಾದರೂ ನಿಲ್ಲಿಸು ಮಾರಾಯ,” ಎಂದು ನಾನು ಹೇಳಿದೆ. ಅವನು ಗುಂಡಿಯ ಮೇಲೆ ಬೆರಳಿಟ್ಟ, ಒತ್ತಲಿಲ್ಲ. ಭೋಂಗಾದೊಳಗಿನ ರಂಗೂಬಾಯಿ ಇನ್ನೊಂದು ಸಲ ಎಲ್ಲರನ್ನೂ ಕರೆದು ಮುಗಿಸುವ ತನಕ ಕೇಳುತ್ತಾ ಕಾದು, ಆಮೇಲೆ ಅದನ್ನು ಒತ್ತಿ, ಗಾಡಿಯನ್ನು ಮುಂದಿನ ಓಣಿಗೆ ತಿರುಗಿಸಿದ.