ನಡಾವಳಿಯಲ್ಲೊಂದು ‘ಬರ್ತೀನಿ’

ಕೇಶವಮೂರ್ತಿಯ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋಗಿದ್ದರು. ೧೯೮೭ರ ಆ ಸೋಮವಾರ ಬೆಳಿಗ್ಗೆ ಅವನ ಹೆಂಡತಿ ನಳಿನಾಕ್ಷಿ ಅಮೆರಿಕದ ಫೋರ್ಟ್ ಲೀಯ ಹದಿನಾಲ್ಕನೆಯ ಮಹಡಿಯ ಮನೆಯಲ್ಲಿ ಬ್ರೆಡ್ ಸುಡುತ್ತಿದ್ದಾಗ ಗಂಡನ ಗೆಳೆಯನ ಫೋನ್ ಬಂತು.

“ಅತ್ತಿಗೆ, ನಾನು ಶ್ರೀನಿ. ತೂಬಿನ ಬೀಗದ ಕೈ ನಿಮ್ಮನೇಲಿದೆಯಾ? ಹಳ್ಳದ ನೀರು ನಮ್ಮ ಬೀದೀಲಿ ಹನ್ನೊಂದು ಬೇಸ್‌ಮೆಂಟಿಗೆ ನುಗ್ತಾ ಇದೆ. ನನ್ನ ವಾಷಿಂಗ್ ಮೆಷಿನ್ ತೇಲ್ತಿದೆ!”

ಆ ಹಳ್ಳವನ್ನು ಐದು ಸಂಸ್ಥೆಗಳು ಕೂಡಿ ಕಾಯುತ್ತಿದ್ದವು. ನೀರಿಗೊಂದು, ಮೀನಿಗೊಂದು, ದಡಕ್ಕೊಂದು, ರಸ್ತೆಗೊಂದು. ಈ ನಾಲ್ಕನ್ನೂ ಹೊಂದಿಸಲು ಕೇಶವಮೂರ್ತಿಯದು. ಮೂರು ವರ್ಷ ಚರ್ಚಿಸಿ ಅವು ಒಪ್ಪಿದ್ದು ನೀರು ಹೊರಬಿಡುವ ತೂಬಿಗೆ ಒಂದು ಬೀಗಕ್ಕೆ, ಒಂದೇ ಬೀಗದ ಕೈಗೆ. ಅದನ್ನು ಅವನು ತೂಬಿನ ಅಳತೆಗೆಂದು ಎರವಲು ತಂದಿದ್ದ.

ಅದು ಅವನ ಕೋಟಿನ ಜೇಬಿನಲ್ಲಿ ಸಿಕ್ಕಿತು. ಶ್ರೀನಿ ಕಾರಿನಲ್ಲಿ ಅವಳನ್ನು ಐದೂ ಸಂಸ್ಥೆಗಳ ಸಮಿತಿಯ ಸಭೆಗೆ ಕರೆದೊಯ್ದ. ಖಾಲಿ ಇದ್ದ ಐದನೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಆದರೆ ಅಧ್ಯಕ್ಷೆ, ನೀರಿನ ಮಿಸೆಸ್ ಡಾಯ್ಲ್, ಬೀಗದ ಕೈ ಮುಟ್ಟಲಿಲ್ಲ.

“ಕ್ಷಮಿಸಿ, ಒಯ್ದವರೇ ತರಬೇಕು. ನಡಾವಳಿಯಲ್ಲಿದೆ: ಬಾಗಿಲಲ್ಲಿ ನಿಂತು ‘ನಾನು ಬರುತ್ತೇನೆ’ ಎಂದರು. ಕಾಯುತ್ತಿದ್ದೇವೆ.”

“ಅವರು ತೀರಿಕೊಂಡರು.”

“ಗೊತ್ತು. ಹೂ ಕಳಿಸಿದೆವಲ್ಲ, ಐದು ಬುಟ್ಟಿ. ಒಂದೇ ಬುಟ್ಟಿಗೆ ಒಮ್ಮತ ಬರಲಿಲ್ಲ. ಆದರೆ ನಡಾವಳಿಯ ಪ್ರಕಾರ ಅವರು ಬರುತ್ತಾರೆ.”

ಶ್ರೀನಿ ಹಿಂದಿನಿಂದ ಪಿಸುಗುಟ್ಟಿದ: “ಐ ವಿಲ್ ಕಮ್ ಅಂದಿದಾನೆ ಅತ್ತಿಗೆ! ಇಂಗ್ಲಿಷಲ್ಲೂ ಹೋಗ್ತೀನಿ ಅನ್ನಲಿಲ್ಲ ನೋಡಿ, ಮಹಾನುಭಾವ.”

ನಳಿನಾಕ್ಷಿ ವಿವರಿಸಿದಳು. “ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ. ಅಶುಭ. ಬರುತ್ತೇನೆ ಅನ್ನುತ್ತಾರೆ.”

“ಹಾಗಾದರೆ ಬರುವಾಗ?” ಮೀನಿನವರು ಕೇಳಿದರು.

“ಕರೆದರೆ ‘ಬಂದೆ’ ಅನ್ನುತ್ತೇವೆ. ಆಗ ಇನ್ನೂ ಬಂದಿರುವುದಿಲ್ಲ.”

ದಡದವರು ಇದಕ್ಕೊಂದು ಉಪಸಮಿತಿ ಬೇಕೆಂದರು. “ನನ್ನ ವಾಷಿಂಗ್ ಮೆಷಿನ್ನು!” ಎಂದು ಶ್ರೀನಿ ಕೂಗಿದ. ಮಿಸೆಸ್ ಡಾಯ್ಲ್ ನಿರ್ಣಯ ಮಂಡಿಸಿದರು: ನಡಾವಳಿಯಲ್ಲಿ ‘ಬರುತ್ತೇನೆ ಎಂದರು’ ಎಂದಿರುವಲ್ಲಿ ‘ಹೋದರು’ ಎಂದು ತಿದ್ದತಕ್ಕದ್ದು; ಹೋದವರ ಪರವಾಗಿ ಮನೆಯವರು ಬೀಗದ ಕೈ ಒಪ್ಪಿಸಬಹುದು.

ನಾಲ್ಕು ಕೈಗಳು ಎದ್ದವು. ಎಲ್ಲರೂ ನಳಿನಾಕ್ಷಿಯನ್ನೇ ನೋಡಿದರು.

“ಸರ್ವಾನುಮತ ಬೇಕು,” ಮಿಸೆಸ್ ಡಾಯ್ಲ್ ಮೆಲ್ಲಗೆ ಹೇಳಿದರು. “ಕುರ್ಚಿಯಲ್ಲಿ ಕೂತವರು ಅಂತಷ್ಟೇ ನಿಯಮ. ಹೆಸರು ಬರೆದಿಲ್ಲ.”

ಅವನು ಹೋದನೆಂದು ಒಪ್ಪುತ್ತೀಯಾ ಎಂದು ಸ್ಮಶಾನದಲ್ಲೂ ಅವಳನ್ನು ಯಾರೂ ಕೇಳಿರಲಿಲ್ಲ. ಶ್ರೀನಿಯ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಅವಳು ಕೈ ಎತ್ತಿದಳು.

ಮೂಲೆಯಲ್ಲಿದ್ದ ಟೈಪ್‌ರೈಟರ್ ‘ಹೋದರು’ ಎಂದಷ್ಟನ್ನು ಹೊಡೆದು ನಿಂತಿತು. ಮಿಸೆಸ್ ಡಾಯ್ಲ್ ಅಂಗೈ ಚಾಚಿದರು. ನಳಿನಾಕ್ಷಿ ಬೀಗದ ಕೈಯನ್ನು ಅದರಲ್ಲಿಟ್ಟಳು.