ಬಾಣಂತಿ ನೀರು

ವನಗೂರು ದಾಟಿ ಜೀಪು ಏರು ಹತ್ತುವಾಗಲೇ ನನಗೆ ಅನ್ನಿಸಿತ್ತು, ಈ ಉಪಾಯವೂ ನನ್ನ ಉಳಿದ ಉಪಾಯಗಳ ಹಾಗೆಯೇ ಆಗುತ್ತದೆ ಎಂದು. ಪಕ್ಕದಲ್ಲಿ ನನ್ನ ಸೊಸೆ ಚೈತ್ರಶ್ರೀ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹೊಟ್ಟೆಯಲ್ಲೇ ತೀರಿಕೊಂಡಿದ್ದ ಮಗುವನ್ನು ಅವಳು ಹೆತ್ತು ಅಂದಿಗೆ ಹತ್ತೊಂಬತ್ತು ದಿನ. ಅಷ್ಟೂ ದಿನಗಳಲ್ಲಿ ನನ್ನ ಜೊತೆ ಅವಳು ಆಡಿದ ಮಾತು 'ಹೂಂ', 'ಬೇಡ', 'ಆಯ್ತು', ಇಷ್ಟೇ.

ಬೆಳಗೋಡಿನ ಸುತ್ತಮುತ್ತ ಮೂವತ್ತೊಂದು ವರ್ಷ ಪಾಠ ಹೇಳಿದವಳು ನಾನು. ಎಂಥೆಂಥ ಮೊಂಡು ಮಕ್ಕಳ ಬಾಯಿ ಬಿಡಿಸಿದ್ದೇನೆ. ಇವಳದು ಆಗಲಿಲ್ಲ. ಮನೆಯಲ್ಲಿ ಎದುರೆದುರು ಕೂತು ಉಣ್ಣುತ್ತಿದ್ದೆವು, ಆದರೆ ಹುಡುಗಿ ದಿನದಿನಕ್ಕೂ ನನ್ನಿಂದ ದೂರ ಹೋಗುತ್ತಿದ್ದಳು. ಇವಳು ಇನ್ನು ನನ್ನ ಜೊತೆ ಮಾತಾಡುವುದೇ ಇಲ್ಲವೇನೋ ಎಂಬ ಹೆದರಿಕೆ ನನಗೆ ಹುಟ್ಟಿಬಿಟ್ಟಿತ್ತು. ಮಗ ಯೋಗಾನಂದನಿಗೆ ಹೇಳಿ ಈ ರೆಸಾರ್ಟಿನಲ್ಲಿ ಎರಡು ದಿನಕ್ಕೆ ಕೋಣೆ ಹಿಡಿಸಿದೆ. ಕಾಫಿ ಕುಯ್ಲಿನ ಸಮಯ, ತೋಟ ಬಿಟ್ಟು ಅವನು ಬರುವ ಹಾಗಿರಲಿಲ್ಲ.

'ಬೆಟ್ಟದ ಬಿಸಿನೀರ ಬುಗ್ಗೆ, ನಿಮ್ಮ ಕೋಣೆಯೊಳಗೇ' ಎಂದು ಅವರ ಬೋರ್ಡಿನಲ್ಲಿ ಬರೆದಿತ್ತು. ಬುಗ್ಗೆಯೂ ಇಲ್ಲ, ಅದರ ಅಜ್ಜಿಯೂ ಇಲ್ಲ. ಅಡುಗೆಮನೆಯ ಹಿಂದೆ ಸೌದೆ ಒಲೆಯ ದೊಡ್ಡ ಬಾಯ್ಲರ್ ಹೊಗೆ ಬಿಡುತ್ತಿದ್ದುದು ನನ್ನ ಕಣ್ಣಿಗೆ ಆಗಲೇ ಬಿದ್ದಿತ್ತು. ಮ್ಯಾನೇಜರ್ ಫಯಾಜ್‌ನನ್ನು ಕೇಳಿಯೂಬಿಟ್ಟೆ. ನೀರೇನೋ ಬೆಟ್ಟದ ಒರತೆಯದೇ, ಕಾಯಿಸುವುದು ಮಾತ್ರ ನಾವು ಎಂದು ಆತ ನಾಚಿಕೊಂಡು ಒಪ್ಪಿಕೊಂಡ. ಒಳ್ಳೆಯ ಮನುಷ್ಯ.

ಕೋಣೆ ಚೆನ್ನಾಗಿತ್ತು. ಬಚ್ಚಲಿನಲ್ಲಿ ಕರಿಕಲ್ಲಿನ ತೊಟ್ಟಿ, ಅದರ ಪಕ್ಕಕ್ಕೆ ಕಣಿವೆ ಕಾಣುವ ಅಗಲವಾದ ಗಾಜು. ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು. ತೊಟ್ಟಿ ತುಂಬಿಸಿದೆ. ಹೋಗು, ಮೈ ಹಗುರಾಗುತ್ತದೆ ಎಂದು ಅವಳನ್ನು ಒಳಗೆ ಕಳಿಸಿ, ಹೊರಗೆ ಕುರ್ಚಿಯಲ್ಲಿ ಕೂತೆ. ಅಂತೂ ಏನೋ ಮಾಡಿದೆ ಎಂದು ಒಂದು ಗಳಿಗೆ ಸಮಾಧಾನವೂ ಆಯಿತು.

ಅರ್ಧ ಗಂಟೆ ಕಳೆದರೂ ನೀರಿನ ಸದ್ದಿಲ್ಲ. ಟವೆಲ್ ಕೊಡುವ ನೆಪ ಮಾಡಿಕೊಂಡು ಬಾಗಿಲು ತಳ್ಳಿದೆ. ಅವಳು ನೀರಿಗೆ ಇಳಿದೇ ಇರಲಿಲ್ಲ. ನೈಟಿಯಲ್ಲೇ ತೊಟ್ಟಿಯ ಅಂಚಿನ ಮೇಲೆ ಕೂತು ಪಾದಗಳನ್ನಷ್ಟೇ ಅದ್ದಿದ್ದಳು. ಹಬೆಯ ಕಾವಿಗೋ ಏನೋ, ಎದೆಹಾಲು ಇಳಿದು ನೈಟಿಯ ಮುಂಭಾಗವೆಲ್ಲ ಒದ್ದೆಯಾಗಿತ್ತು. ಅವಳು ಅದನ್ನು ಮುಚ್ಚಿಕೊಳ್ಳಲೂ ಹೋಗಲಿಲ್ಲ, ಸುಮ್ಮನೆ ನೋಡುತ್ತಿದ್ದಳು.

"ಅತ್ತೆ," ಅಂದಳು. "ಮಾದೇವಮ್ಮ ಬಂದಿದ್ಲಲ್ಲ ಅವತ್ತು. ನಂಗ್ಯಾಕೆ ನೀರು ಹಾಕುಸ್ಲಿಲ್ಲ?"

ಮಾದೇವಮ್ಮ ನಮ್ಮೂರಿನ ಬಾಣಂತಿಯರಿಗೆ ನೀರು ಹಾಕುವವಳು. ಹೆತ್ತ ಮೈಗೆ ಎಣ್ಣೆ ತಿಕ್ಕಿ, ತಾಳುವಷ್ಟು ಬಿಸಿನೀರನ್ನು ಸೊಂಟಕ್ಕೆ ರಪರಪನೆ ಎರಚಿ, ಹೊಟ್ಟೆಗೆ ಬಟ್ಟೆ ಬಿಗಿದು, ಸಾಂಬ್ರಾಣಿ ಹೊಗೆ ಕೊಟ್ಟು ಮಲಗಿಸುವುದು ಅವಳ ಕೆಲಸ. ಯೋಗಿ ಹುಟ್ಟಿದಾಗ ನನಗೂ ಅವಳೇ ಹಾಕಿದ್ದು. ಚೈತ್ರಳಿಗೆ ತಾಯಿ ಇಲ್ಲ, ಹಾಗಾಗಿ ಬಾಣಂತನ ನಮ್ಮ ಮನೆಯಲ್ಲೇ ಎಂದು ಐದನೇ ತಿಂಗಳಿನಲ್ಲೇ ಮಾದೇವಮ್ಮನಿಗೆ ಹೇಳಿಟ್ಟಿದ್ದೆ. ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಅವಳು ಎಣ್ಣೆ ಬಾಟಲಿ ಹಿಡಿದುಕೊಂಡು ಬಂದಳು. ಮಗುವೇ ಇಲ್ಲ, ಬಾಣಂತನ ಯಾರಿಗೆ ಎಂದು ನಾನು ಅವಳನ್ನು ಅಂಗಳದಿಂದಲೇ ವಾಪಸು ಕಳಿಸಿದೆ.

"ಮಗು ಇಲ್ದಿದ್ರೂ ಮೈ ಹೆತ್ತೈತಲ್ಲವ್ವ," ಎಂದಿದ್ದಳು ಮಾದೇವಮ್ಮ. ನನಗೆ ಸಿಟ್ಟು ಬಂದಿತ್ತು. ನೆನಪಾಗುವಂಥದ್ದು ಏನೂ ಮನೆಯಲ್ಲಿರಬಾರದು, ಮರೆತರೆ ಹುಡುಗಿ ಬದುಕುತ್ತಾಳೆ ಎಂಬುದು ನನ್ನ ಲೆಕ್ಕ. ತೊಟ್ಟಿಲನ್ನು ಅಟ್ಟಕ್ಕೆ ಹಾಕಿಸಿದ್ದೆ. ನೋಡಲು ಬಂದ ಹೆಂಗಸರಿಗೆ ಗೇಟಿನಲ್ಲೇ ಕಾಫಿ ಕೊಟ್ಟು ಕಳಿಸಿದ್ದೆ. ಪುರುಡಿನ ಹನ್ನೊಂದನೆಯ ದಿನವನ್ನು ಮಾಮೂಲಿ ಸೋಮವಾರದ ಹಾಗೆ ಕಳೆದಿದ್ದೆ. ಅವಳು ಒಳಗೆ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ತಪ್ಪಾಯಿತು ಎನ್ನುವುದು ನನ್ನ ನಾಲಿಗೆಗೆ ಅಭ್ಯಾಸವಿಲ್ಲ. ಹೊರಗೆ ಹೋಗಿ ಫಯಾಜ್‌ನ ಹತ್ತಿರ ಒಂದು ಬಕೆಟ್ಟು, ಒಂದು ಚೊಂಬು, ಒಂದು ಮಣೆ ಕೇಳಿದೆ. ಅಷ್ಟು ಒಳ್ಳೆಯ ತೊಟ್ಟಿ ಇರುವಾಗ ಇವೆಲ್ಲ ಯಾಕೆ ಎಂದು ಆತ ಕೇಳಲಿಲ್ಲ, ಅಡುಗೆಮನೆಯಿಂದ ತಂದುಕೊಟ್ಟ.

ಅವಳನ್ನು ಮಣೆಯ ಮೇಲೆ ಕೂರಿಸಿ, ನನ್ನ ಚೀಲದಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ಬೆನ್ನಿಗೆ, ಸೊಂಟಕ್ಕೆ, ಕಾಲಿಗೆ ತಿಕ್ಕಿದೆ. ಸೀರೆ ಎತ್ತಿ ಕಟ್ಟಿ ನೀರು ಎರಚಲು ನಿಂತೆ. ಮಾದೇವಮ್ಮನ ಕೈ ನನಗೆಲ್ಲಿ ಬರಬೇಕು. ಅರ್ಧ ಗೋಡೆಗೆ, ಅರ್ಧ ನನ್ನ ಮೈಮೇಲೇ. ಬಿಸಿ ಹೆಚ್ಚಾಯಿತಾ ಎಂದು ಕೇಳಿದರೆ ಇನ್ನೂ ಬಿಸಿ ಇರಲಿ ಅಂದಳು. ಎರಡು ಬಕೆಟ್ಟು ಮುಗಿಯುವಷ್ಟರಲ್ಲಿ ನನ್ನ ತೋಳು ಸೋತಿತು, ಅವಳ ಬೆನ್ನು ಕೆಂಪಾಯಿತು. ಮೂರನೆಯ ಬಕೆಟ್ಟಿಗೆ ಅವಳು ಅಳತೊಡಗಿದಳು. ನಾನು ನಿಲ್ಲಿಸಲಿಲ್ಲ. ಅಳುತ್ತಲೇ ಎರಚಿದೆ, ಯಾಕೆಂದರೆ ಆ ಹೊತ್ತಿಗೆ ನಾನೂ ಅಳುತ್ತಿದ್ದೆ.

ಮೈ ಒರೆಸಿ, ನನ್ನ ಹಳೆಯ ಕಾಟನ್ ಸೀರೆಯನ್ನೇ ಮಡಚಿ ಅವಳ ಹೊಟ್ಟೆಗೆ ಬಿಗಿದೆ. ಕಂಬಳಿ ಹೊದಿಸಿ, ಮಂಚದ ಮೇಲೆ ಕೂರಿಸಿ ತಲೆ ಒಣಗಿಸುತ್ತಿದ್ದಾಗ ಕೇಳಿದಳು.

"ಅವ್ಳು ಹೆಂಗಿದ್ಲು ಅತ್ತೆ?"

ಆಸ್ಪತ್ರೆಯಲ್ಲಿ ಮಗುವನ್ನು ಇವಳಿಗೆ ತೋರಿಸುವುದು ಬೇಡ ಎಂದವಳು ನಾನೇ. ಬಟ್ಟೆ ಸುತ್ತಿ ನರ್ಸು ಕೊಟ್ಟದ್ದೂ ನನ್ನ ಕೈಗೇ. ನಿನ್ನ ಹಾಗೇ ಇದ್ದಳು, ಅದೇ ಮೂಗು, ಅದೇ ಹುಬ್ಬು ಎಂಬ ಮಾತು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಹಾಗೆ ಹೇಳಿದ್ದರೆ ಅವಳು ನಂಬುತ್ತಿದ್ದಳು. ಆದರೆ ಕಂಬಳಿಯೊಳಗಿನ ಆ ಕೆಂಪಾದ ಬೆನ್ನನ್ನು ಎದುರಿಗಿಟ್ಟುಕೊಂಡು ಸುಳ್ಳು ಹೊರಡಲಿಲ್ಲ.

"ನಾನು ನೋಡ್ಲಿಲ್ಲ ಕಣವ್ವ. ಬಟ್ಟೆ ಸರ್ಸೋಕೆ ಧೈರ್ಯ ಬರ್ಲಿಲ್ಲ."

ಅವಳು ತಿರುಗಿ ನನ್ನನ್ನು ನೋಡಿದಳು. ಹಾಗಾದರೆ ಅವರಾದರೂ ನೋಡಿದರಾ ಎಂದು ಗಂಡನ ಬಗ್ಗೆ ಕೇಳಿದಳು. ಯೋಗಿ ಆಗ ತೋಟದಲ್ಲಿ ಮಗುವನ್ನು ಮಣ್ಣು ಮಾಡಲು ಗುಣಿ ತೋಡಿಸುತ್ತಿದ್ದ, ಅವನು ಬರುವಷ್ಟರಲ್ಲಿ ನಾನೇ ಬಟ್ಟೆಯ ಗಂಟನ್ನು ಭದ್ರ ಮಾಡಿಬಿಟ್ಟಿದ್ದೆ ಎಂದು ಹೇಳಬೇಕಾಯಿತು. ಒಂದು ಮಗು ಈ ಭೂಮಿಗೆ ಬಂದು ಹೋಯಿತು, ಮನೆಯವರೊಬ್ಬರೂ ಅದರ ಮುಖ ನೋಡಲಿಲ್ಲ. ನೋಡದ ಹಾಗೆ ಮಾಡಿದವಳು ನಾನು. ಇದನ್ನು ಅವಳಿಗೆ ಹೇಳುವಾಗಲೇ ನನಗೂ ಮೊದಲ ಸಲ ಪೂರ್ತಿಯಾಗಿ ತಿಳಿದದ್ದು.

ಅವಳು ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂದುಕೊಂಡೆ.

"ಎತ್ಕೊಂಡಿದ್ರಲ್ಲ," ಅಂದಳು. "ಹೆಂಗೆ ಎತ್ಕೊಂಡಿದ್ರಿ, ತೋರ್ಸಿ."

ಟವೆಲ್ ಕೆಳಗಿಟ್ಟು ಎರಡೂ ಕೈ ಮಡಚಿ ಹಿಡಿದೆ. ತಲೆ ಇಲ್ಲಿತ್ತು ಎಂದೆ. ಕಾಲು ಇಲ್ಲಿಯವರೆಗೆ ಬರುತ್ತಿತ್ತು. ಎರಡೂಮುಕ್ಕಾಲು ಕೆಜಿ ಎಂದಿದ್ದರು, ನನಗೆ ಅದಕ್ಕಿಂತ ಭಾರ ಅನ್ನಿಸಿತ್ತು.

"ಇನ್ನೂ ಬೆಚ್ಚಗಿದ್ಲು ಕಣವ್ವ. ನಿನ್ನ ಮೈ ಬಿಸಿ."

ಅವಳು ನನ್ನ ತೋಳುಗಳ ನಡುವಿನ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು.

"ನಂಗೆ ಕೊಡ್ಬೇಕಿತ್ತು ಅತ್ತೆ."

"ಕೊಡ್ಬೇಕಿತ್ತು," ಎಂದೆ.

ನೀರೆರಚಿ ಸೋತ ತೋಳುಗಳನ್ನು ಕೆಳಗಿಳಿಸಲು ಹೋದೆ.

"ಇಳಿಸ್ಬೇಡಿ," ಅಂದಳು.